ದೊಡ್ಡ ರಂಗಮಂದಿರವೂ ಪ್ರೇಕ್ಷಕನ ಆಸನವೂ

ನಾಟಕಪ್ರಿಯರು ನಾಲ್ವರು ಒಂದೆಡೆ ಕಲೆತರೆ ಮಾತು ಮೊದಲು ಪಾತ್ರಧಾರಿಗಳ ಕಡೆಗೂ, ಆಮೇಲೆ ನಾಟಕಕಾರನ ಕಡೆಗೂ ಹರಿಯುವುದು ವಾಡಿಕೆ. ಒಂದು ಸಂದರ್ಭದಲ್ಲಿ ಮಾತ್ರ ಅವರ ಚರ್ಚೆಯೆಲ್ಲವೂ ಕುರ್ಚಿಗಳ ಸುತ್ತಲೇ ಸುತ್ತುತ್ತಿರುತ್ತದೆ. ಚಿಕ್ಕ ರಂಗಮಂದಿರದಲ್ಲಿ ಹೆಸರು ಪಡೆದ ನಾಟಕವೊಂದು ದೊಡ್ಡ ರಂಗಮಂದಿರಕ್ಕೆ ಬಿಡಾರ ಬದಲಿಸುತ್ತದೆಂಬ ಸುದ್ದಿ ಹಬ್ಬಿದ ಸಂದರ್ಭವದು. ಎಲ್ಲಿ ಕುಳಿತರೆ ಚೆನ್ನ? ಮೇಲಿನ ಅಂತಸ್ತಿನಿಂದ ನಟನ ಮುಖ ಕಾಣುವುದೆ? ಕಂಬ ಅಡ್ಡ ಬರುವುದೆ? ಕಡಮೆ ಬೆಲೆಯ ಟಿಕೆಟ್ಟು ಕೊಳ್ಳುವುದು ಲಾಭವೋ ನಷ್ಟವೋ? ಹೊರಗಿನಿಂದ ಕೇಳುವವರಿಗೆ ಇದು ಕ್ಷುಲ್ಲಕವಾದ ಮಾತಾಗಿ ತೋರಬಹುದು. ನಾಟಕವು ಯಾರಿಗಾಗಿ ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಕುರ್ಚಿಯ ರೂಪದಲ್ಲಿ ಎದ್ದು ನಿಂತಿದೆಯೆಂದು ನಮ್ಮ ಅಭಿಪ್ರಾಯ. ಅದನ್ನು ಈ ದಿನ ಸ್ವಲ್ಪ ವಿವರವಾಗಿ ವಿಚಾರಮಾಡೋಣ. ಇಂಥ ಸ್ಥಳಾಂತರಗಳು ಪದೇ ಪದೇ ನಡೆಯುವ ಊರು ಲಂಡನ್. ಆದುದರಿಂದ ಉದಾಹರಣೆಗಳನ್ನು ಅಲ್ಲಿಂದಲೇ ಆರಿಸಿಕೊಂಡು, ಕೊನೆಯಲ್ಲಿ ನಮ್ಮ ನಾಡಿನ ಕಡೆಗೆ ತಿರುಗಬಹುದು.

ಮೊದಲು, ನಾಟಕವೊಂದು ಇದ್ದ ಮನೆಯನ್ನು ಬಿಟ್ಟು ದೊಡ್ಡ ಮನೆಗೆ ಹೋಗುವುದೇಕೆ? ಇದಕ್ಕೆ ಎರಡು ಕಾರಣಗಳುಂಟು. ಒಂದು, ಲೆಕ್ಕದ ಕಾರಣ. ಮುನ್ನೂರು ಮಂದಿ ನೋಡಲಿ, ಒಂಬೈನೂರು ಮಂದಿ ನೋಡಲಿ, ನಟರ ಸಂಖ್ಯೆ ಅಷ್ಟೇ, ದೀಪಗಳು ಅಷ್ಟೇ, ಉಡುಪುಗಳು ಅಷ್ಟೇ. ಖರ್ಚು ಹೆಚ್ಚುಕಡಮೆ ಒಂದೇ ಆಗಿರುವಾಗ, ಆಸನಗಳು ಹೆಚ್ಚಿದಷ್ಟೂ ಉಳಿತಾಯ ಹೆಚ್ಚು. ಎರಡನೆಯದು, ನ್ಯಾಯದ ಕಾರಣ. ಲಂಡನ್ನಿನ ವಾಡಿಕೆಯಂತೆ ವಾರಕ್ಕೆ ಎಂಟು ಪ್ರಯೋಗಗಳೆಂದು ಇಟ್ಟುಕೊಂಡರೆ, ನಾಲ್ಕುನೂರು ಆಸನಗಳ ಮಂದಿರದಲ್ಲಿ ವಾರಕ್ಕೆ 3,200 ಮಂದಿ ಮಾತ್ರ ನಾಟಕ ನೋಡಬಲ್ಲರು. ಎಂಟುನೂರು ಆಸನಗಳಿದ್ದರೆ 6,400 ಮಂದಿ. ಬಾಗಿಲಿನಿಂದ ಹಿಂದಿರುಗಿ ಹೋದವನಿಗೆ ಚಿಕ್ಕ ಮಂದಿರದ ಸೊಗಸಿನಿಂದ ಪ್ರಯೋಜನವೇನು? ಆದಕಾರಣ ಸ್ಥಳಾಂತರವನ್ನು ಬರಿಯ ಹಣದಾಸೆಯೆಂದು ಜರೆಯುವುದು ಸರಿಯಲ್ಲ. ಒಳಗೆ ಬಂದ ಹೊಸ ಪ್ರೇಕ್ಷಕನಿಗೆ ಸಿಕ್ಕುವುದೇನು ಎಂಬುದೇ ನಿಜವಾದ ಪ್ರಶ್ನೆ.

ಇದನ್ನು ತಿಳಿಯಬೇಕಾದರೆ ಲಂಡನ್ನಿನ ಹಳೆಯ ನಾಟಕಶಾಲೆಯ ಒಳಾಂಗಣದ ಪರಿಚಯ ಬೇಕು. ಆ ನಗರದ ವೆಸ್ಟ್ ಎಂಡ್ ಭಾಗದಲ್ಲಿ ಇಂದಿಗೂ ಬಳಕೆಯಲ್ಲಿರುವ ಮಂದಿರಗಳಲ್ಲಿ ಬಹುಪಾಲು 19ನೆಯ ಶತಮಾನದ ಕೊನೆಯಲ್ಲಿಯೂ 20ನೆಯ ಶತಮಾನದ ಮೊದಲ ಭಾಗದಲ್ಲಿಯೂ ಕಟ್ಟಿದವು. ನಿವೇಶನ ಇಕ್ಕಟ್ಟು, ಬೆಲೆ ಹೆಚ್ಚು. ಆದುದರಿಂದ ಪ್ರೇಕ್ಷಕರನ್ನು ಒಬ್ಬರ ಮೇಲೊಬ್ಬರಂತೆ ಅಂತಸ್ತುಗಳಲ್ಲಿ ಕೂರಿಸಿದರು. ನೆಲದ ಮಟ್ಟದಲ್ಲಿ ‘ಸ್ಟಾಲ್ಸ್’. ಅದರ ಮೇಲೆ ‘ಡ್ರೆಸ್ ಸರ್ಕಲ್’, ಎಂದರೆ ಸಂಜೆಯ ಉಡುಪು ತೊಟ್ಟು ಬರಬೇಕಾಗಿದ್ದ ಅಂತಸ್ತು. ಅದರ ಮೇಲೆ ‘ಅಪ್ಪರ್ ಸರ್ಕಲ್’. ಎಲ್ಲಕ್ಕೂ ಮೇಲೆ, ಛಾವಣಿಗೆ ತಲೆ ತಾಗುವಂತೆ, ಬಾಲ್ಕನಿ ಅಥವಾ ಗ್ಯಾಲರಿ. ಚಿತ್ರ ಬರೆದ ಛಾವಣಿಗೆ ಅಷ್ಟು ಹತ್ತಿರವಿದ್ದುದರಿಂದ ಅಲ್ಲಿ ಕುಳಿತವರನ್ನು ವಿನೋದವಾಗಿ ‘ದೇವತೆಗಳು’ ಎಂದು ಕರೆಯುತ್ತಿದ್ದರು. ಈ ದೇವತೆಗಳಿಗೆ ಮುಂಬಾಗಿಲಿನ ಪ್ರವೇಶವಿರಲಿಲ್ಲ. ಪಕ್ಕದ ಓಣಿಯಲ್ಲಿ ಬೇರೆ ಬಾಗಿಲು, ಬೇರೆ ಮೆಟ್ಟಿಲು, ಬಹುಕಾಲ ಒರಗುಬೆನ್ನಿಲ್ಲದ ಬೆಂಚು. ಒಂದೇ ನಾಟಕವನ್ನು ನೋಡುವವರು ಮೆಟ್ಟಿಲಿನಲ್ಲಿಯೂ ಎದುರಾಗದಂತೆ ಕಟ್ಟಡವೇ ಅವರನ್ನು ಬೇರ್ಪಡಿಸುತ್ತಿತ್ತು. ಇಂದು ಬಾಗಿಲುಗಳ ಭೇದ ಬಹಳಮಟ್ಟಿಗೆ ಅಳಿದಿದೆ. ಅಂತಸ್ತುಗಳು ಮಾತ್ರ ಉಳಿದಿವೆ.

ಇಂಥ ಮಂದಿರಗಳ ನಡುವೆ ತೊಂದರೆಯಿಲ್ಲದೆ ಸ್ಥಳಾಂತರಗೊಂಡ ನಾಟಕವೂ ಉಂಟು. ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ಲಂಡನ್ನಿನಲ್ಲಿ 1952ರ ನವೆಂಬರ್ 25ರಂದು ಅಂಬಾಸಡರ್ಸ್ ಮಂದಿರದಲ್ಲಿ ಆರಂಭವಾಯಿತು. 21 ವರ್ಷಗಳಿಗೂ ಮೇಲೆ ಅಲ್ಲಿಯೇ ನಡೆದು, 1974ರ ಮಾರ್ಚ್ ತಿಂಗಳ ಒಂದು ಶನಿವಾರ ಆ ಮನೆಗೆ ವಿದಾಯ ಹೇಳಿ, ಮುಂದಿನ ಸೋಮವಾರವೇ ನೆರೆಯ ಸೇಂಟ್ ಮಾರ್ಟಿನ್ಸ್ ಮಂದಿರದಲ್ಲಿ ಪರದೆಯೆತ್ತಿತು. ಹೊಸ ಮನೆ ಹಳೆಯದಕ್ಕಿಂತ ನೂರರಷ್ಟು ಆಸನಗಳ ಮಟ್ಟಿಗೆ ದೊಡ್ಡದು. ಎರಡು ಮಂದಿರಗಳೂ ಒಬ್ಬನೇ ವಾಸ್ತುಶಿಲ್ಪಿ, ಸ್ಪ್ರೇಗ್ ಎಂಬವನು, ಕಟ್ಟಿದವು. ನಾಟಕವೂ ಒಂದು ದಿವಾನಖಾನೆಯೊಳಗೆ ನಡೆಯುವಂಥದು. ನಾಲ್ಕನೆಯ ಗೋಡೆಯನ್ನು ತೆಗೆದು ಒಳಗೆ ಇಣುಕಿ ನೋಡಿದಂತೆ ಪ್ರೇಕ್ಷಕರು ಅದನ್ನು ಎದುರಿನಿಂದ ನೋಡುತ್ತಾರೆ. ಚೌಕಟ್ಟಿನಿಂದ ಚೌಕಟ್ಟಿಗೆ ಚಿತ್ರವನ್ನು ವರ್ಗಾಯಿಸಿದಂತಾಯಿತು, ಚಿತ್ರ ಕೆಡಲಿಲ್ಲ.

ಚೌಕಟ್ಟೇ ಇಲ್ಲದ ನಾಟಕವನ್ನು ಚೌಕಟ್ಟಿನೊಳಗೆ ಕೂರಿಸಬೇಕಾದಾಗ ಕಷ್ಟ ಮೊದಲಾಗುತ್ತದೆ. ಇದಕ್ಕೆ ‘ದಿ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದಿ ಡಾಗ್ ಇನ್ ದಿ ನೈಟ್‌ಟೈಮ್’ ಎಂಬ ಉದ್ದ ಹೆಸರಿನ ನಾಟಕಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. ರಾತ್ರಿಯ ವೇಳೆಯಲ್ಲಿ ನಾಯಿಗೆ ಒದಗಿದ ವಿಚಿತ್ರ ಪ್ರಸಂಗ ಎಂದು ಅದರ ಅರ್ಥ. ಮಾರ್ಕ್ ಹ್ಯಾಡನ್ ಅವರು 2003ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಸೈಮನ್ ಸ್ಟೀಫನ್ಸ್ ಅವರು ನಾಟಕವಾಗಿ ರೂಪಿಸಿದರು. ಮರಿಯಾನ್ ಎಲಿಯಟ್ ಅವರ ನಿರ್ದೇಶನ, ಬನ್ನಿ ಕ್ರಿಸ್ಟಿ ಅವರ ರಂಗಸಜ್ಜು. ಹದಿನೈದು ವರ್ಷದ ಕ್ರಿಸ್ಟೋಫರ್ ಎಂಬ ಹುಡುಗ ಗಣಿತದಲ್ಲಿ ಮಹಾ ನಿಪುಣ. ಆದರೆ ಮನುಷ್ಯರ ಮುಖಭಾವ ಅವನಿಗೆ ಅರ್ಥವಾಗದು. ಯಾರಾದರೂ ಮುಟ್ಟಿದರೆ ಸಹಿಸಲಾರ. ಗದ್ದಲವೆಂದರೆ ಅವನ ಪಾಲಿಗೆ ಯಾತನೆ. ನೆರೆಮನೆಯ ನಾಯಿಯನ್ನು ಕೊಂದವರಾರೆಂದು ಹುಡುಕಹೊರಟ ಅವನು ಕೊನೆಗೆ ತನ್ನ ಮನೆಯ ರಹಸ್ಯವನ್ನೇ ಕಂಡುಹಿಡಿದು, ಒಬ್ಬನೇ ರೈಲು ಹತ್ತಿ ಲಂಡನ್ನಿಗೆ ಹೋಗುತ್ತಾನೆ.

2012ರ ಬೇಸಗೆಯಲ್ಲಿ ಈ ನಾಟಕವು ಲಂಡನ್ನಿನ ನ್ಯಾಷನಲ್ ಥಿಯೇಟರಿನ ಮೂರು ಮಂದಿರಗಳಲ್ಲಿ ಅತ್ಯಂತ ಚಿಕ್ಕದಾದ ಕಾಟೆಸ್ಲೋದಲ್ಲಿ ಆರಂಭವಾಯಿತು. ಅಲ್ಲಿ ಸುಮಾರು ನಾಲ್ಕುನೂರು ಮಂದಿಗೆ ಸ್ಥಳ. 2014ರಿಂದ ಆ ಮಂದಿರಕ್ಕೆ ಡಾರ್ಫ್‌ಮನ್ ಎಂದು ಹೆಸರು. ರಂಗವು ನಟ್ಟನಡುವೆ, ಪ್ರೇಕ್ಷಕರು ನಾಲ್ಕು ಕಡೆಗಳಲ್ಲಿ, ನೆಲದ ಮಟ್ಟದಲ್ಲಿಯೂ ಮೇಲಿನ ಮೊಗಸಾಲೆಗಳಲ್ಲಿಯೂ ಕುಳಿತು ನೋಡುತ್ತಿದ್ದರು. ಗಣಿತದ ಹಾಳೆಯಂತೆ ಚೌಕುಳಿ ಗೆರೆ ಎಳೆದ ನೆಲವೇ ಇಲ್ಲಿಯ ಮುಖ್ಯ ಸಜ್ಜು. ಹುಡುಗನ ಮನಸ್ಸು ಆ ನೆಲದ ಮೇಲೆ ಹರಡಿಕೊಂಡಿತ್ತು. ಬೆಳಕಿನ ಅಂಕಿಗಳು ಅಲ್ಲಿ ಮೂಡುವುವು. ಅವನು ಸೀಮೆಸುಣ್ಣದಿಂದ ಬರೆಯುವುದೂ, ಆಟದ ರೈಲಿನ ಹಳಿ ಜೋಡಿಸುವುದೂ ಅಲ್ಲಿಯೇ. ನಾಲ್ಕು ಕಡೆಯಿಂದಲೂ ಜನರ ಕಣ್ಣು ತನ್ನ ಮೇಲಿರುವ ಹುಡುಗನಿಗೆ ಅಡಗಲು ಮೂಲೆಯೇ ಇಲ್ಲ. ಹೀಗಾಗಿ ಪ್ರೇಕ್ಷಕರ ಆಸನವ್ಯವಸ್ಥೆ ನಾಟಕದ ಅರ್ಥದಲ್ಲಿಯೇ ಒಂದು ಪಾಲಾಗಿತ್ತು.

ಟಿಕೆಟ್ಟುಗಳಿಗೆ ನೂಕುನುಗ್ಗಲಾಯಿತು. 2013ರ ಮಾರ್ಚ್ ತಿಂಗಳಲ್ಲಿ ನಾಟಕವು ಷಾಫ್ಟ್ಸ್‌ಬರಿ ಅವೆನ್ಯೂವಿನ ಅಪೊಲೊ ಮಂದಿರಕ್ಕೆ ಬಂದಿತು. ಇದು 1901ರಲ್ಲಿ ತೆರೆದ ಕಟ್ಟಡ. ನಾವು ಮೇಲೆ ಹೇಳಿದ ನಾಲ್ಕು ಅಂತಸ್ತುಗಳೂ ಇಲ್ಲಿದ್ದುವು. ಆಸನಗಳು ಸುಮಾರು 775. ಮೇಲ್ತುದಿಯ ಬಾಲ್ಕನಿಯು ಲಂಡನ್ನಿನ ಅತಿ ಕಡಿದಾದವುಗಳಲ್ಲಿ ಒಂದೆಂದು ಹೆಸರಾಗಿತ್ತು. ಪ್ರೇಕ್ಷಕರು ಈಗ ಒಂದೇ ಕಡೆ. ರಂಗಸಜ್ಜನ್ನು ಹೊಸದಾಗಿ ಯೋಚಿಸಲೇಬೇಕಾಯಿತು. ಬನ್ನಿ ಕ್ರಿಸ್ಟಿ ಅವರು ಒಂದು ಬದಿ ತೆರೆದ ದೊಡ್ಡ ಪೆಟ್ಟಿಗೆಯಂಥ ರಂಗವನ್ನು ಕಟ್ಟಿ, ನೆಲದ ಚೌಕುಳಿಯನ್ನು ಗೋಡೆಗಳ ಮೇಲೂ ಹತ್ತಿಸಿದರು. ಬೆಳಕಿನ ಚಿತ್ರಗಳು ಗೋಡೆಗಳ ಮೇಲೂ ಹರಿದುವು. ಇದು ಅಲಂಕಾರಕ್ಕಾಗಿ ಮಾಡಿದ ಬದಲಾವಣೆಯೆಂದು ತಿಳಿಯಬಾರದು. ಹೊಸ ಆಸನವ್ಯವಸ್ಥೆಯೇ ಅದನ್ನು ಕೇಳುತ್ತಿತ್ತು. ಹೇಗೆಂದರೆ:

ಕುರ್ಚಿಯಲ್ಲಿ ಕುಳಿತವನ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿರುತ್ತದೆ. ರಂಗಸ್ಥಳದ ಎತ್ತರ ಮೂರೂವರೆ ಅಡಿಯೆಂದು ಇಟ್ಟುಕೊಳ್ಳೋಣ. ಎಂದರೆ ಮುಂದಿನ ಸಾಲಿನವನ ಕಣ್ಣು ರಂಗದ ನೆಲಕ್ಕಿಂತ ಅರ್ಧ ಅಡಿ ಮಾತ್ರ ಮೇಲಿದೆ. ಅವನಿಂದ ಹನ್ನೆರಡು ಅಡಿ ದೂರದಲ್ಲಿ ನೆಲದ ಮೇಲೆ ಆರು ಅಡಿ ಚೌಕದ ಚಿತ್ರವೊಂದನ್ನು ಬರೆದರೆ, ಅದು ಅವನಿಗೆ ಮೇಜಿನ ಅಂಚಿನಲ್ಲಿ ಗಲ್ಲವಿಟ್ಟು ಮೇಜಿನ ಮೇಲಿನ ಪತ್ರವನ್ನು ನೋಡಿದಂತೆ ಬರಿಯ ಒಂದು ಗೆರೆಯಾಗಿ ಕಾಣುತ್ತದೆ. ಮೇಲಿನ ಅಂತಸ್ತಿನಲ್ಲಿ, ರಂಗದ ನೆಲಕ್ಕಿಂತ ಮೂವತ್ತು ಅಡಿ ಎತ್ತರದಲ್ಲಿ, ಅದೇ ಚಿತ್ರದಿಂದ ಅಡ್ಡಳತೆಯಲ್ಲಿ ಐವತ್ತು ಅಡಿ ದೂರದಲ್ಲಿ ಕುಳಿತವನನ್ನು ತೆಗೆದುಕೊಳ್ಳಿ. ಅವನು ಚಿತ್ರಕ್ಕೆ ಮುಂದಿನವನಿಗಿಂತ ಹೆಚ್ಚುಕಡಮೆ ಐದರಷ್ಟು ದೂರ. ಆದರೂ ಕೋನವನ್ನು ಲೆಕ್ಕಹಾಕಿದರೆ, ಅದೇ ಚಿತ್ರವು ಅವನ ಕಣ್ಣಿಗೆ ಮುಂದಿನವನಿಗಿಂತ ಮೂರು ಪಟ್ಟಿಗೂ ಮೀರಿದ ಎತ್ತರವಾಗಿ ಕಾಣುತ್ತದೆ! ನೆಲದ ಮಟ್ಟಿಗೆ ಹೇಳುವುದಾದರೆ, ಅಗ್ಗದ ಟಿಕೆಟ್ಟಿನವನೇ ಭಾಗ್ಯವಂತ. ಗೋಡೆಗಳ ಮೇಲೆ ಚಿತ್ರವನ್ನು ಹತ್ತಿಸಿದ್ದರಿಂದ ಕೆಳಗೆ ಕುಳಿತವರಿಗೂ ಹುಡುಗನ ಮನಸ್ಸು ಕಾಣುವಂತಾಯಿತು.

ಹಾಗಾದರೆ ಮೇಲೆ ಕುಳಿತವನಿಗೆ ನಷ್ಟವೇ ಇಲ್ಲವೆ? ಉಂಟು. ಮೊದಲನೆಯದು ಮುಖ. ಮಾತಿನ ನಾಟಕದಲ್ಲಿ ನಟನ ಮುಖಭಾವ ಚೆನ್ನಾಗಿ ಕಾಣಬೇಕಾದರೆ ಪ್ರೇಕ್ಷಕನು ಸುಮಾರು ಇಪ್ಪತ್ತು ಮೀಟರಿನೊಳಗೆ, ಎಂದರೆ ಅರವತ್ತೈದು ಅಡಿಯೊಳಗೆ, ಇರಬೇಕೆಂದು ರಂಗಮಂದಿರ ಕಟ್ಟುವವರು ಲೆಕ್ಕವಿಡುತ್ತಾರೆ. ಹಳೆಯ ಮಂದಿರಗಳು ಜನರನ್ನು ಮೇಲೆ ಮೇಲೆ ಪೇರಿಸಿದ್ದರಿಂದ ದೂರವೇನೋ ಬಹಳ ಹೆಚ್ಚಲಿಲ್ಲ. ಆದರೆ ಅಷ್ಟು ಎತ್ತರದಿಂದ ನೋಡುವಾಗ ಮುಖಕ್ಕಿಂತ ನೆತ್ತಿಯೇ ಹೆಚ್ಚು ಕಾಣುತ್ತದೆ. ಎರಡನೆಯದು ಅಡ್ಡಿ. ಮೇಲಿನ ಸಾಲುಗಳಲ್ಲಿ ಬಿದ್ದುಹೋಗದಂತೆ ಹಾಕಿದ ಕಬ್ಬಿಣದ ಸರಳು ಸರಿಯಾಗಿ ಕಣ್ಣಿನ ನೇರಕ್ಕೆ ಬರುವುದುಂಟು. ಮುಂದಿನವನು ತಲೆ ಬಾಗಿಸಿ ಮುಂದಕ್ಕೆ ಜರುಗಿದರೆ ಹಿಂದಿನ ಸಾಲಿಗೆಲ್ಲ ಕತ್ತಲೆ. ಕೆಳಗಿನವರಿಗೂ ಅವರದೇ ಕಷ್ಟವುಂಟು. ಸ್ಟಾಲ್ಸಿನ ಕೊನೆಯ ಸಾಲುಗಳಲ್ಲಿ ಮೇಲಂತಸ್ತಿನ ಅಂಚು ತಲೆಯ ಮೇಲೆ ಚಾಚಿಕೊಂಡು ರಂಗದ ಮೇಲ್ಭಾಗವನ್ನು ಕತ್ತರಿಸಿಬಿಡುತ್ತದೆ. ಮೂರನೆಯ ನಷ್ಟ ಅಳತೆಗೆ ಸಿಕ್ಕುವಂಥದಲ್ಲ. ನಡುರಂಗದ ಸುತ್ತ ಕುಳಿತಾಗ ಎದುರು ಸಾಲಿನವರ ಮುಖಗಳೂ ನಮಗೆ ಕಾಣುತ್ತವೆ. ಅವರ ನಗೆಯೂ ಕಣ್ಣೀರೂ ನಾಟಕದೊಡನೆ ಬೆರೆಯುತ್ತವೆ. ಚೌಕಟ್ಟಿನ ಮಂದಿರದಲ್ಲಿ ನಮ್ಮ ಮುಂದಿರುವುದು ಪರರ ತಲೆಯ ಹಿಂಭಾಗ. ಚಿಕ್ಕ ಮಂದಿರದಲ್ಲಿ ನೋಡಿದವರು “ಈಗ ಅದು ಮೊದಲಿನ ನಾಟಕವಲ್ಲ” ಎಂದು ಕೊರಗುವಾಗ, ಅವರು ಕಳೆದುಕೊಂಡದ್ದು ಈ ಸಹವಾಸವನ್ನೇ ಇರಬೇಕು.

ಆಸನದ ವಿಚಾರ ಇಷ್ಟಕ್ಕೇ ನಿಲ್ಲುವಂತಿದ್ದರೆ ಅದನ್ನು ರುಚಿಭೇದವೆಂದು ಬಿಟ್ಟುಬಿಡಬಹುದಾಗಿತ್ತು. 2013ರ ಡಿಸೆಂಬರ್ 19ರ ರಾತ್ರಿ ಅದೇ ಅಪೊಲೊ ಮಂದಿರದಲ್ಲಿ, ಇದೇ ನಾಟಕವು ನಡೆಯುತ್ತಿರುವಾಗ, ಛಾವಣಿಯ ಗಾರೆಯ ಒಂದು ಭಾಗ ಕಳಚಿ ಪ್ರೇಕ್ಷಕರ ಮೇಲೆ ಬಿದ್ದಿತು. ಒಳಗೆ ಏಳುನೂರಕ್ಕೂ ಮೇಲ್ಪಟ್ಟು ಜನರಿದ್ದರು. 70ಕ್ಕಿಂತ ಹೆಚ್ಚು ಮಂದಿ ಗಾಯಗೊಂಡರು, ಜೀವಹಾನಿಯಾಗದಿದ್ದುದು ಪುಣ್ಯ. ವಿಚಾರಣೆಯಿಂದ ಹೊರಬಿದ್ದ ಕಾರಣ ಗಮನಿಸತಕ್ಕದ್ದು. ಅಲಂಕಾರದ ಆ ಛಾವಣಿಯನ್ನು ಮೇಲಿನ ಮರದ ಅಟ್ಟಣೆಗೆ ಬಿಗಿದಿದ್ದುದು ಗೋಣಿಯಂಥ ನಾರುಬಟ್ಟೆಯನ್ನು ಗಾರೆಯಲ್ಲಿ ಅದ್ದಿ ಮಾಡಿದ ಕಟ್ಟುಗಳಿಂದ. ಆ ಕಾಲದ ಕಟ್ಟಡಗಳಲ್ಲಿ ಇದು ಸಾಮಾನ್ಯವಾದ ಪದ್ಧತಿ. ಕಾಲಕ್ರಮದಲ್ಲಿ ಬಟ್ಟೆ ಜೀರ್ಣವಾಯಿತು. ಒಂದು ಕಟ್ಟು ಸಡಲಿದಾಗ ಭಾರವೆಲ್ಲ ಪಕ್ಕದ ಕಟ್ಟಿನ ಮೇಲೆ ಬಿದ್ದು, ಕೊನೆಗೆ ಒಟ್ಟಿಗೇ ಕುಸಿಯಿತು. ಕೆಳಗಿನಿಂದ ನೋಡುವವರಿಗೆ ಸುಣ್ಣಬಣ್ಣದ ಹೂಬಳ್ಳಿ. ಮೇಲೆ ಯಾರ ಕಣ್ಣಿಗೂ ಬೀಳದ ಶಿಥಿಲವಾದ ಬಟ್ಟೆ.

ಬ್ರಿಟನ್ನಿನ ರಂಗಚರಿತ್ರೆಯಲ್ಲಿ ಇದಕ್ಕಿಂತ ಘೋರವಾದ ಪಾಠವೊಂದು ಹಿಂದೆಯೇ ನಡೆದಿತ್ತು. 1887ರ ಸೆಪ್ಟೆಂಬರ್ 5ರಂದು ಎಕ್ಸೆಟರ್ ನಗರದ ಥಿಯೇಟರ್ ರಾಯಲ್ ಬೆಂಕಿಗೆ ಸಿಕ್ಕಿದಾಗ 186 ಮಂದಿ ಮಡಿದರು. ಸತ್ತವರಲ್ಲಿ ಬಹುಪಾಲು ಮೇಲಿನ ಗ್ಯಾಲರಿಯವರು. ಎಲ್ಲರಿಗಿಂತ ಕಡಮೆ ಹಣ ತೆತ್ತವರಿಗೆ ಹೊರಬೀಳಲು ದಾರಿಯೂ ಎಲ್ಲರಿಗಿಂತ ಇಕ್ಕಟ್ಟಾಗಿತ್ತು. ಆ ದುರಂತದ ಅನಂತರ ಹೊರದಾರಿಗಳು, ಬೆಂಕಿಗೆ ಬಗ್ಗದ ಪರದೆ ಮುಂತಾದ ವಿಷಯಗಳಲ್ಲಿ ನಿಯಮಗಳು ಬಿಗಿಯಾದುವು. ಟಿಕೆಟ್ಟಿನ ದರಕ್ಕೆ ತಕ್ಕಂತೆ ಕುರ್ಚಿಯ ಮೆತ್ತೆ ತೆಳ್ಳಗಿರಬಹುದು, ನೋಟವೂ ಓರೆಯಾಗಿರಬಹುದು. ಪ್ರಾಣರಕ್ಷಣೆಯಲ್ಲಿ ಮಾತ್ರ ದರಭೇದಕ್ಕೆ ಅವಕಾಶವಿಲ್ಲವೆಂಬ ತತ್ತ್ವಕ್ಕೆ ಜಗತ್ತು ಇಂಥ ಬೆಲೆಯನ್ನು ತೆತ್ತಿದೆ.

ಅಪೊಲೊ ಮಂದಿರವು 2014ರ ಮಾರ್ಚ್ ತಿಂಗಳಲ್ಲಿ ತನ್ನ ಮೇಲ್ತುದಿಯ ಬಾಲ್ಕನಿಯನ್ನು ಮುಚ್ಚಿಕೊಂಡು ಬೇರೆಯೊಂದು ನಾಟಕದಿಂದ ಮತ್ತೆ ತೆರೆಯಿತು. ನಮ್ಮ ನಾಟಕವು ಅದೇ ವರ್ಷದ ಮಧ್ಯಭಾಗದಲ್ಲಿ ಅದೇ ಬೀದಿಯ ಗಿಲ್ಗುಡ್ ಮಂದಿರಕ್ಕೆ ಹೋಯಿತು. ಅದು ಇನ್ನೂ ದೊಡ್ಡದು, ಸಾವಿರಕ್ಕೆ ಸಮೀಪದ ಆಸನಗಳು. ನಾಲ್ಕುನೂರರಿಂದ ಮೊದಲಾದ ನಾಟಕವು ಹೀಗೆ ಎರಡು ನೆಗೆತಗಳಲ್ಲಿ ಎರಡು ಪಟ್ಟಿಗಿಂತ ದೊಡ್ಡದಾದ ಮನೆಯನ್ನು ತುಂಬಿ, 2017ರ ಜೂನ್ ತಿಂಗಳವರೆಗೂ ಅಲ್ಲಿ ನಡೆಯಿತು. ಚಿಕ್ಕ ಮಂದಿರಕ್ಕಾಗಿ ಹುಟ್ಟಿದ್ದು ದೊಡ್ಡದರಲ್ಲಿ ಬದುಕಲಾರದೆಂಬ ವಾದಕ್ಕೆ ಇದೇ ಉತ್ತರ. ಬದುಕಬಲ್ಲದು, ಆದರೆ ಹೊಸ ಮನೆಯ ಪ್ರತಿಯೊಂದು ಮೂಲೆಯಿಂದಲೂ ತನ್ನನ್ನು ತಾನು ನೋಡಿಕೊಂಡು, ಬೇಕಾದಲ್ಲಿ ಮಾರ್ಪಡಲು ಸಿದ್ಧವಾಗಿರಬೇಕು.

ಇನ್ನು ನಮ್ಮ ನಾಡಿನ ವಿಷಯ. ಈ ಪ್ರಶ್ನೆ ನಮಗೆ ಹೊಸದೇನೂ ಅಲ್ಲ. ಯಕ್ಷಗಾನ ಬಯಲಾಟದಲ್ಲಿ ರಂಗಸ್ಥಳದ ಮೂರು ಕಡೆಗಳಲ್ಲಿ ಜನರು ನೆಲದ ಮೇಲೆ ಕುಳಿತು ರಾತ್ರಿಯೆಲ್ಲ ನೋಡುತ್ತಿದ್ದರು. ಟಿಕೆಟ್ಟೂ ಇಲ್ಲ, ಅಂತಸ್ತೂ ಇಲ್ಲ. ಮುಂದೆ ಡೇರೆಯ ಮೇಳಗಳು ಬಂದಾಗ ಮುಂದಿನ ಕುರ್ಚಿಗೊಂದು ದರ, ಹಿಂದಿನ ನೆಲಕ್ಕೊಂದು ದರ ಆಯಿತು. ವೇಷಧಾರಿಯೂ ಕುರ್ಚಿಯ ಕಡೆಗೆ ಮುಖಮಾಡುವುದು ಹೆಚ್ಚಿತು. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯೇ ಮೊದಲಾದ ವೃತ್ತಿನಾಟಕ ಮಂಡಳಿಗಳ ಕೊಟ್ಟಿಗೆಗಳಲ್ಲಿಯೂ ಕುರ್ಚಿ, ಬೆಂಚು, ನೆಲ ಎಂಬ ಭೇದವಿತ್ತು. ಆದರೆ ಆ ನಟರ ಅಭ್ಯಾಸವೇ ಬೇರೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಹಾಡೂ ಮಾತೂ ನೆಲದ ಮೇಲೆ ಕುಳಿತ ಕೊನೆಯವನಿಗೆ ಮುಟ್ಟಬೇಕೆಂದೇ ಅವರು ಕಂಠವನ್ನು ಪಳಗಿಸಿದ್ದರು. ದೊಡ್ಡ ದೊಡ್ಡ ಪರದೆಗಳೂ, ‘ಕುರುಕ್ಷೇತ್ರ’ದಲ್ಲಿ ರಂಗಕ್ಕೆ ತಂದ ಆನೆ ಕುದುರೆಗಳೂ ಆಡಂಬರವೆಂದು ನಗುವವರು, ಅವು ಹಿಂದೆ ಕುಳಿತವನಿಗೂ ಕಾಣುತ್ತಿದ್ದುವೆಂಬುದನ್ನು ಮರೆಯಬಾರದು.

ಬೆಂಗಳೂರಿನಲ್ಲಿ ಇಂದು ನಾಟಕ ನೋಡುವವರಿಗೆ ಈ ಭೇದ ಪ್ರತ್ಯಕ್ಷವಾಗಿ ತಿಳಿಯುವುದು ಎರಡು ಮಂದಿರಗಳ ನಡುವೆ. 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರ ವಿಶಾಲವಾದದ್ದು, ಚೌಕಟ್ಟಿನ ರಂಗವುಳ್ಳದ್ದು. 2004ರಲ್ಲಿ ತೆರೆದ ರಂಗಶಂಕರ ಅದಕ್ಕಿಂತ ಬಹು ಚಿಕ್ಕದು; ಸಾಲುಗಳು ಕಡಿದಾಗಿ ಏರುತ್ತ ಹೋಗುವುದರಿಂದ ಕೊನೆಯ ಸಾಲಿನವನೂ ರಂಗಕ್ಕೆ ಹತ್ತಿರವೇ. ಇಲ್ಲಿ ಪಿಸುಮಾತಿನಲ್ಲಿ ಆಡಿ ಗೆದ್ದ ನಾಟಕವನ್ನು ಅಲ್ಲಿಗೆ ಹಾಗೆಯೇ ಎತ್ತಿಕೊಂಡು ಹೋದರೆ, ಪಿಸುಮಾತು ಮುಂದಿನ ಐದಾರು ಸಾಲುಗಳನ್ನು ದಾಟುವುದಿಲ್ಲ. ಧ್ವನಿವರ್ಧಕದಿಂದ ಮಾತು ಮುಟ್ಟೀತು. ಕಣ್ಣಿನ ಹನಿ ಮುಟ್ಟದು. ತಂಡವು ತನ್ನ ಚಲನೆಯನ್ನೂ ಬೆಳಕನ್ನೂ ನೆಲದ ಬಳಕೆಯನ್ನೂ ಹೊಸದಾಗಿ ಹೊಂದಿಸಿಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲವನ್ನೂ ಯೋಚಿಸಿ ನೋಡಿದರೆ, ದೊಡ್ಡ ಮಂದಿರಕ್ಕೆ ಹೋಗುವ ನಾಟಕದವರು ಪ್ರೇಕ್ಷಕನಿಗೆ ಮೂರು ಋಣಗಳನ್ನು ತೀರಿಸಬೇಕೆಂದು ನಮಗೆ ತೋರುತ್ತದೆ. ಮೊದಲನೆಯದು ಸತ್ಯ: ಕಂಬವೋ ಸರಳೋ ಅಡ್ಡ ಬರುವ ಆಸನವನ್ನು ಹಾಗೆಂದು ಹೇಳಿಯೇ ಮಾರಬೇಕು, ಹಣ ಕೊಟ್ಟು ಕತ್ತಲೆಯಲ್ಲಿ ಕುಳಿತ ಮೇಲೆ ತಿಳಿಯುವಂತಾಗಬಾರದು. ಎರಡನೆಯದು ಶ್ರಮ: ನಿರ್ದೇಶಕನೂ ರಂಗಸಜ್ಜುಗಾರನೂ ಮೊದಲ ಪ್ರಯೋಗಕ್ಕೆ ಮುಂಚೆ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಅಗ್ಗದ ಸಾಲಿನ ಕೊನೆಯ ಕುರ್ಚಿಯಲ್ಲಿ ಕುಳಿತು ನಾಟಕವನ್ನು ಆದಿಯಿಂದ ಅಂತ್ಯದವರೆಗೆ ನೋಡಬೇಕು. ಮೂರನೆಯದು ಮಂದಿರದ ಒಡೆಯರ ಋಣ: ತಲೆಯ ಮೇಲಿನ ಛಾವಣಿಯನ್ನೂ ಹೊರಗಿನ ಮೆಟ್ಟಿಲನ್ನೂ ಕಾಲಕಾಲಕ್ಕೆ ಪರೀಕ್ಷಿಸುವುದು.

ಪ್ರೇಕ್ಷಕರಾದ ನಮಗೂ ಒಂದು ಕರ್ತವ್ಯವುಂಟು. ಹತ್ತಿರದ ಆಸನವೇ ಉತ್ತಮವೆಂಬ ರೂಢಿಯ ನಂಬಿಕೆಯನ್ನು ಬಿಟ್ಟು, ಈ ನಾಟಕದಲ್ಲಿ ಮುಖ ಮುಖ್ಯವೋ, ನೆಲ ಮುಖ್ಯವೋ, ಮಾತು ಮುಖ್ಯವೋ, ಗುಂಪಿನ ಚಲನೆ ಮುಖ್ಯವೋ ಎಂದು ವಿಚಾರಿಸಿ ಆಸನವನ್ನು ಆರಿಸಿಕೊಳ್ಳಬೇಕು. ಚಿಕ್ಕ ಮಂದಿರದಲ್ಲಿ ಮೊದಲೇ ನೋಡಿದವರು ತಮ್ಮ ಭಾಗ್ಯವನ್ನು ನೆನೆಯಲಿ. ಆದರೆ ಹೊಸದಾಗಿ ಬಂದವನ ಮುಂದೆ, ನೀನು ನೋಡಿದ್ದು ನಾಟಕವೇ ಅಲ್ಲವೆಂದು ಹೇಳದಿರಲಿ. ಮೆಟ್ಟಿಲುಗಳನ್ನು ಏರಿ ಛಾವಣಿಯ ಕೆಳಗೆ ಕುಳಿತವನೂ ಅದೇ ಸಂಜೆಯ ಅತಿಥಿ. ಅವನಿಗೆ ಕಾಣದಿದ್ದುದು ಆ ಸಂಜೆಯ ಮಟ್ಟಿಗೆ ರಂಗದ ಮೇಲೆ ನಡೆಯಲೇ ಇಲ್ಲ.